ಜೀರ್ಣೋದ್ಧಾರದ ವಿವೇಕ: ಹಳೆಯ ಸ್ಪೋರ್ಟ್ಸ್ ಕಾರಿನ ನಿದರ್ಶನ

ಹಾಳುಬಿದ್ದುದನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೆ ಕನ್ನಡದಲ್ಲಿ ಜೀರ್ಣೋದ್ಧಾರವೆಂಬ ಮಾತು ರೂಢಿಯಲ್ಲಿದೆ. ಗುಡಿ, ಕೆರೆ, ಕಲ್ಯಾಣಿಗಳಿಗೆ ಸಲ್ಲುವ ಈ ಮಾತನ್ನು ಒಂದು ಮೋಟಾರು ಕಾರಿಗೆ ಅನ್ವಯಿಸಿದರೆ ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಇಂಗ್ಲೆಂಡಿನ ಊರುಗಳಲ್ಲಿ, ಮನೆಯ ಮಗ್ಗುಲಿನ ಇಕ್ಕಟ್ಟಾದ ಗ್ಯಾರೇಜುಗಳಲ್ಲಿ, ಕಛೇರಿಯಿಂದ ಹಿಂದಿರುಗಿದ ಗುಮಾಸ್ತನೋ ಶಾಲೆಯ ಉಪಾಧ್ಯಾಯನೋ ಚಳಿಗಾಲದ ಸಂಜೆಗಳನ್ನೆಲ್ಲ ತುಕ್ಕು ಕೆರೆಯುವುದರಲ್ಲಿ ಕಳೆಯುವ ಬಗೆಯನ್ನು ಬಲ್ಲವರು ಹಾಗೆನ್ನಲಾರರು. ಅಲ್ಲಿ ಹೀಗೆ ಮನೆಯಲ್ಲಿಯೇ ಹಳೆಯ ಸ್ಪೋರ್ಟ್ಸ್ ಕಾರನ್ನು ಸರಿಪಡಿಸುವವರ ಸಂಖ್ಯೆ ದೊಡ್ಡದು. ಅವರ ಶ್ರಮ ಮೆಚ್ಚತಕ್ಕದ್ದೇ. ಆ ಶ್ರಮದ ಗುರಿ ಯಾವುದಿರಬೇಕೆಂಬ ವಿಷಯದಲ್ಲಿ ಮಾತ್ರ ಅವರಲ್ಲಿಯೇ ಒಮ್ಮತವಿಲ್ಲ. ಜೀರ್ಣವಾದುದನ್ನು ಉದ್ಧರಿಸುವುದೆಂದರೆ ಅದನ್ನು ಹೊಚ್ಚ ಹೊಸದಾಗಿಸುವುದೇ? ಇಲ್ಲವೆ, ಅದರ ವಯಸ್ಸನ್ನು ಅದಕ್ಕೇ ಬಿಟ್ಟು, ನಡೆಯುವ ಶಕ್ತಿಯನ್ನು ಮಾತ್ರ ಮರಳಿ ಕೊಡುವುದೇ? ಎರಡನೆಯದೇ ಸರಿಯೆಂಬುದು ಈ ಲೇಖನದ ವಾದ. ಆದರೆ ಆ ವಾದಕ್ಕೂ ಒಂದು ಎಲ್ಲೆಯಿದೆ, ಆ ಎಲ್ಲೆ ಕಾರಿನ ಮೈಯಲ್ಲಿಯೇ ಇದೆ.

ನಿದರ್ಶನಕ್ಕಾಗಿ ಒಂದೇ ಕಾರನ್ನು ಹಿಡಿದು ನೋಡುವುದು ಲೇಸು. ಎಂ.ಜಿ. ಸಂಸ್ಥೆಯು ಥೇಮ್ಸ್ ನದಿಯ ದಡದ ಅಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಎರಡು ಆಸನಗಳ ಕಾರನ್ನು ತಯಾರಿಸಿತು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯಿಂದ ಹುಟ್ಟಿಕೊಂಡ ಹೆಸರೇ ಎಂ.ಜಿ. (ಇಂದು ಅದೇ ಹೆಸರಿನಲ್ಲಿ ಭಾರತದ ರಸ್ತೆಗಳಲ್ಲಿ ಓಡುವ ಕಾರುಗಳಿಗೂ ಅಬಿಂಗ್ಡನ್ನಿಗೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ.) ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರು ರಾಜಮಹಾರಾಜರದಲ್ಲ, ಸಂಬಳದಾರನದು. ನಾಲ್ಕು ಸಿಲಿಂಡರಿನ, 1798 ಘನ ಸೆಂಟಿಮೀಟರಿನ ಇದರ ಎಂಜಿನ್ನು ಸಾಮಾನ್ಯ ಕುಟುಂಬದ ಕಾರುಗಳಿಗಾಗಿ ರೂಪಿಸಿದ ವಂಶಕ್ಕೇ ಸೇರಿದುದು. ಆದುದರಿಂದಲೇ ಇದು ಮನೆಯಲ್ಲಿ ಕುಳಿತು ದುರಸ್ತಿ ಮಾಡುವವನ ಕೈಗೆ ಎಟುಕುವ ಯಂತ್ರ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದನ್ನು ವಿಂಟೇಜ್ ಎನ್ನಲಾಗದು. 1934ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬಿನವರು 1930ರ ಅಂತ್ಯದೊಳಗೆ ತಯಾರಾದವುಗಳಿಗಷ್ಟೇ ಆ ಹೆಸರನ್ನು ಸಲ್ಲಿಸುತ್ತಾರೆ. ಜನರ ಬಾಯಲ್ಲಾದರೋ ಹಳೆಯ ಕಾರೆಲ್ಲವೂ ವಿಂಟೇಜೇ. ಈ ಜಗಳದಲ್ಲಿ ಹೆಚ್ಚಿನ ತಿರುಳಿಲ್ಲ.

ಇಂಥ ಕಾರೊಂದು ಹಾಳುಬೀಳುವ ರೀತಿ ಎಲ್ಲೆಡೆಯೂ ಒಂದೇ. ಯಾವುದೋ ಸಣ್ಣ ದೋಷ ತಲೆದೋರುತ್ತದೆ. ಮುಂದಿನ ವರ್ಷ ನೋಡಿಕೊಳ್ಳೋಣವೆಂದು ಒಡೆಯನು ಅದನ್ನು ಒಳಗೆ ತಳ್ಳಿ ಚಾದರ ಹೊದಿಸುತ್ತಾನೆ. ಮಕ್ಕಳಾಗುತ್ತಾರೆ, ಮನೆಯ ಸಾಲ ತೀರಿಸಬೇಕಾಗುತ್ತದೆ, ಮುಂದಿನ ವರ್ಷ ಬರುವುದೇ ಇಲ್ಲ. ಓಡುವ ಕಾರಿಗಿಂತ ನಿಂತ ಕಾರು ಬೇಗ ಕೆಡುತ್ತದೆಂಬುದನ್ನು ಬಹಳ ಮಂದಿ ಅರಿಯರು. ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಒಳಗಿನ ಸಿಲಿಂಡರುಗಳನ್ನು ಕೊರೆಯುತ್ತದೆ. ಟ್ಯಾಂಕಿನ ಪೆಟ್ರೋಲು ಆರಿ ಅಂಟಿನಂತಾಗುತ್ತದೆ. ರಬ್ಬರು ಬಿರಿಯುತ್ತದೆ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತವೆ. ಹೊದಿಸಿದ ಚಾದರವೇ ತೇವವನ್ನು ಹಿಡಿದಿಟ್ಟು ತುಕ್ಕಿಗೆ ನೆರವಾಗುವುದೂ ಉಂಟು.

ಇಪ್ಪತ್ತು ವರ್ಷಗಳ ಅನಂತರ ಆ ಚಾದರ ತೆಗೆದವನಿಗೆ ಮೊದಲು ಹುಟ್ಟುವ ಆಸೆ ಎಂಜಿನ್ನನ್ನು ಚಾಲೂ ಮಾಡಿ ನೋಡಬೇಕೆಂಬುದು. ಆ ಆಸೆಯನ್ನು ಅದುಮಿಡುವುದೇ ಈ ವಿದ್ಯೆಯ ಮೊದಲ ಪಾಠ. ಬಲ್ಲವರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ತೆಳ್ಳನೆಯ ಎಣ್ಣೆಯನ್ನು ಹನಿಸಿ, ದಿನಗಟ್ಟಲೆ ನೆನೆಯಗೊಟ್ಟು, ಬಳಿಕ ಪಾನೆಯಿಂದ ಕೈಯಲ್ಲಿಯೇ ಮೆಲ್ಲಗೆ ತಿರುವುತ್ತಾರೆ. ತಿರುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವಿಕೆ. ಬ್ಯಾಟರಿಯ ವಿಷಯದಲ್ಲಿಯೂ ಎಚ್ಚರ ಬೇಕು: 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಇಂದಿನ ಪದ್ಧತಿಗೆ ವಿರುದ್ಧವಾಗಿ ಧನಾಗ್ರವನ್ನು ಕಾರಿನ ಮೈಗೆ ಜೋಡಿಸುತ್ತಿದ್ದರು. ಇದನ್ನರಿಯದೆ ಇಂದಿನ ರೂಢಿಯಂತೆ ತಂತಿ ಸಿಕ್ಕಿಸಿದವನು ಮೊದಲ ದಿನವೇ ಹೊಸ ಕೆಲಸವೊಂದನ್ನು ತಂದುಕೊಳ್ಳುತ್ತಾನೆ. ಹಳೆಯ ಯಂತ್ರವು ತನ್ನ ಕಾಲದ ಪದ್ಧತಿಯನ್ನು ಅನುಸರಿಸುತ್ತದೆಯೇ ಹೊರತು ಬಿಚ್ಚುವವನ ಊಹೆಯನ್ನಲ್ಲ. ಇದಕ್ಕಿಂತ ಹಿಂದಿನ, 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಎಂಬ ಕಾರಿನಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯಿದೆ. ಅದರ ಎಂಜಿನ್ನಿನ ಬೋಲ್ಟುಗಳ ಮರೆಸುತ್ತು ಫ್ರೆಂಚರ ಮೆಟ್ರಿಕ್ ಅಳತೆಯದು, ತಲೆ ಮಾತ್ರ ಇಂಗ್ಲಿಷರ ವಿಟ್‌ವರ್ತ್ ಅಳತೆಯದು! ಹಿಂದೊಮ್ಮೆ ಮಾರಿಸ್ ಕಾರುಗಳಿಗೆ ಎಂಜಿನ್ ಮಾಡಿಕೊಡುತ್ತಿದ್ದುದು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಇಂಗ್ಲೆಂಡಿನ ಕಾರ್ಖಾನೆ. ಅದರ ಯಂತ್ರೋಪಕರಣಗಳೆಲ್ಲ ಮೆಟ್ರಿಕ್ ಅಳತೆಯವು. ಇಂಗ್ಲೆಂಡಿನ ಗ್ಯಾರೇಜುಗಳಲ್ಲಿದ್ದ ಪಾನೆಗಳು ವಿಟ್‌ವರ್ತಿನವು. ಆದುದರಿಂದ ಈ ಒಡಂಬಡಿಕೆ. ಒಂದು ಬೋಲ್ಟಿನಲ್ಲಿ ಇಷ್ಟು ಇತಿಹಾಸ ಅಡಗಿರುವಾಗ ಅದನ್ನು ತೆಗೆದೆಸೆದು ಕೈಗೆ ಸಿಕ್ಕ ಹೊಸ ಬೋಲ್ಟನ್ನು ಬಿಗಿಯುವವನು ಏನನ್ನು ಕಳೆಯುತ್ತಿದ್ದಾನೆಂಬುದನ್ನು ತಾನೇ ಅರಿಯನು.

ಇನ್ನು ಮುಖ್ಯವಾದ ಮಾತಿಗೆ ಬರಬಹುದು. ಎಂ.ಜಿ.ಬಿ.ಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ತಗಡಿನ ಮೈಯೇ ಅದರ ಬೆನ್ನೆಲುಬು. ಮೇಲೆ ಗಟ್ಟಿಯಾದ ಛಾವಣಿಯೂ ಇಲ್ಲದುದರಿಂದ ಮುಂಭಾಗ ಹಿಂಭಾಗಗಳನ್ನು ಹಿಡಿದಿಡುವ ಭಾರದ ಬಹುಪಾಲು ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಪೆಟ್ಟಿಗೆಯಾಕಾರದ ಪಟ್ಟಿಗಳ ಮೇಲೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸಿಲ್ ಎನ್ನುತ್ತಾರೆ. ಕನ್ನಡದಲ್ಲಿ ಹೊಸ್ತಿಲೆಂದರೆ ಹೆಸರೂ ಸ್ಥಾನವೂ ಎರಡೂ ಸರಿಹೊಂದುತ್ತವೆ. ಹೊರಗೆ ಕಾಣುವ ತಗಡು ಒಂದು, ಅದರ ಒಳಗೆ ನಿಂತ ತಗಡು ಒಂದು, ಇವೆರಡರ ತಳದಲ್ಲಿ ಕೋಟೆಯ ತೆನೆಯಂತೆ ಮಡಿಸಿದ ಪಟ್ಟಿ ಇನ್ನೊಂದು. ಈ ಮೂರೂ ಕೂಡಿ ಹೊಸ್ತಿಲಾಗುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ವಾಡಿಕೆಯಿದೆ. ಆ ಉಪ್ಪುನೀರು ಈ ಪೆಟ್ಟಿಗೆಯೊಳಗೆ ಸೇರಿ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಿನ್ನುತ್ತ ಬರುತ್ತದೆ. ಜಾಕ್ ಕೊಟ್ಟು ಎತ್ತುವಾಗ ಕಾರು ಮೇಲೇಳುವ ಬದಲು ಜಾಕೇ ತಗಡಿನೊಳಕ್ಕೆ ಹೋದಾಗ ಒಡೆಯನಿಗೆ ಸತ್ಯ ತಿಳಿಯುತ್ತದೆ.

ಇಲ್ಲಿಯೇ ವಂಚನೆಗೂ ಅವಕಾಶವಿರುವುದು. ತೂತುಬಿದ್ದ ಹೊಸ್ತಿಲಿನೊಳಗೆ ಕಾಗದ, ಜಾಳಿಗೆ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಕೊಳ್ಳುವವನ ಕಣ್ಣಿಗೆ ಏನೂ ಕಾಣದು. ಕೊಳೆತ ತಗಡಿನ ಮೇಲೆಯೇ ಹೊಸ ತಗಡನ್ನು ಹೊದಿಸಿ ಬೆಸೆಯುವುದು ಇದರ ಸ್ವಲ್ಪ ಮರ್ಯಾದಸ್ಥ ರೂಪವಷ್ಟೆ. ಅಂಥ ಕಾರು ಅಪಘಾತದಲ್ಲಿ ಮಡಿಸಿಕೊಂಡರೆ ಆಶ್ಚರ್ಯವಿಲ್ಲ. ಬ್ರಿಟನ್ನಿನಲ್ಲಿ ವಾಹನಗಳಿಗೆ ವಾರ್ಷಿಕ ತಪಾಸಣೆ ಇದೆಯಾದರೂ 2018ರ ಮೇ ತಿಂಗಳಿಂದ, ನಲವತ್ತು ವರ್ಷ ಮೀರಿದ, ಗಣನೀಯವಾಗಿ ಬದಲಾಗದ ಕಾರುಗಳಿಗೆ ಅದರಿಂದ ವಿನಾಯಿತಿ ದೊರೆತಿದೆ. ಹಳೆಯ ಕಾರಿನವರು ಇದನ್ನು ಸಂಭ್ರಮದಿಂದ ಸ್ವಾಗತಿಸಿದರು. ಸಂಭ್ರಮಕ್ಕೆ ಕಾರಣವಿರಲಿಲ್ಲ, ತಪಾಸಣೆಗಾರನ ಹೊಣೆಯೂ ಇನ್ನು ದುರಸ್ತಿಗಾರನ ತಲೆಯ ಮೇಲೆಯೇ ಬಂದಂತಾಯಿತು. ಆದುದರಿಂದ ಹೊಸ್ತಿಲು, ಬ್ರೇಕು, ಸ್ಟಿಯರಿಂಗು, ಇಂಧನದ ಕೊಳವೆ ಇವುಗಳ ವಿಷಯದಲ್ಲಿ ಹಳೆಯದರ ಮೋಹ ಸಲ್ಲದು. ಜೀವವನ್ನು ಹೊರುವ ಭಾಗವು ಭಾರ ತಾಳದೆ ಹೋದಮೇಲೆ ಅದನ್ನು ಕತ್ತರಿಸಿ ತೆಗೆಯಲೇಬೇಕು.

ಆದರೆ ಕತ್ತರಿಸುವುದಕ್ಕೂ ಒಂದು ಕ್ರಮವಿದೆ, ಮನೆಯಲ್ಲಿ ಕೆಲಸ ಮಾಡುವವರು ಎಡವುವುದು ಬಹುಮಟ್ಟಿಗೆ ಅಲ್ಲಿಯೇ. ಎರಡೂ ಪಕ್ಕದ ಹೊಸ್ತಿಲುಗಳನ್ನು ಒಟ್ಟಿಗೆ ತೆಗೆದುಬಿಟ್ಟರೆ ಕಾರಿನ ನಡು ಕುಸಿದು, ಬಾಗಿಲ ಕಂಡಿಯು ಕಿರಿದಾಗಿ, ಹೊಸ ಹೊಸ್ತಿಲು ಆ ಕುಸಿದ ಭಂಗಿಯಲ್ಲಿಯೇ ಶಾಶ್ವತವಾಗಿ ಬೆಸೆದುಹೋಗುತ್ತದೆ. ಆಮೇಲೆ ಬಾಗಿಲು ಮುಚ್ಚದು. ಅದಕ್ಕಾಗಿ ಮೊದಲು ಬಾಗಿಲ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಸಲಾಕೆಗಳನ್ನು ಬೆಸೆದು ಅಥವಾ ಬಿಗಿದು, ಕಾರನ್ನು ಸಮತಲದಲ್ಲಿ ಆಧಾರಕೊಟ್ಟು ನಿಲ್ಲಿಸಿ, ಒಂದು ಪಕ್ಕ ಪೂರ್ತಿ ಮುಗಿದಮೇಲೆ ಇನ್ನೊಂದು ಪಕ್ಕಕ್ಕೆ ಕೈಹಾಕಬೇಕು. ಬೆಸುಗೆಗೆ ಮುನ್ನ ಬಾಗಿಲನ್ನು ತೂಗುಹಾಕಿ ಸಂದು ಸಮವಾಗಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ಒಂದೇ ಕಡೆ ಉದ್ದಕ್ಕೆ ಬೆಸೆಯುತ್ತ ಹೋದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲಿ ಒಂದು ಚುಕ್ಕೆ, ಅಲ್ಲಿ ಒಂದು ಚುಕ್ಕೆ ಎಂದು ಬೆಸೆದು ಆರಗೊಡಬೇಕು. ನಿರ್ಮಾಣದ ದಿನ ಕಾರ್ಖಾನೆಯಲ್ಲಿ ನಿಮಿಷಗಳಲ್ಲಿ ಮುಗಿದಿದ್ದ ಈ ಬೆಸುಗೆಗೆ ಮನೆಯಲ್ಲಿ ಒಂದು ಇಡೀ ಚಳಿಗಾಲ ಹಿಡಿಯುವುದುಂಟು. ಅಷ್ಟು ಕಾಲ ಕೊಟ್ಟವನಿಗೆ ತನ್ನ ಕಾರಿನ ಎಲುಬಿನ ಪರಿಚಯ ಅದನ್ನು ಕಟ್ಟಿದವನಿಗಿಂತಲೂ ಚೆನ್ನಾಗಿ ಆಗಿರುತ್ತದೆ.

ಇಷ್ಟು ಕಷ್ಟವೇಕೆ ಎಂದು ಕೇಳುವವರಿಗೆ ಸುಲಭದ ದಾರಿಯೂ ತೆರೆದಿದೆ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು ಎಂ.ಜಿ.ಬಿ.ಯ ಹೊಚ್ಚ ಹೊಸ ಮೈಯನ್ನು ತಯಾರಿಸಿ ಮಾರತೊಡಗಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷಗಳಾದಮೇಲೆ ಆ ಕಾರಿನ ಮೈ ಮತ್ತೆ ಹುಟ್ಟಿದುದು ಸಾಹಸವೇ ಸರಿ. ಎಷ್ಟೋ ಕಾರುಗಳು ಅದರಿಂದ ಬದುಕಿಕೊಂಡವು. ಆದರೂ ಹಳೆಯ ಮೈಯನ್ನು ಗುಜರಿಗೆ ಹಾಕಿ, ಎಂಜಿನ್ನನ್ನೂ ಚಕ್ರಗಳನ್ನೂ ಹೊಸ ಮೈಗೆ ತೊಡಿಸಿ, ಇದು 1964ರ ಕಾರೆಂದು ಹೇಳಿಕೊಳ್ಳುವಾಗ ಒಂದು ಅಳುಕು ಇರಬೇಡವೇ?

ಈ ಪ್ರಶ್ನೆ ಒಮ್ಮೆ ಲಂಡನ್ನಿನ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. 1929 ಮತ್ತು 1930ರಲ್ಲಿ ಎರಡು ಬಾರಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಬೆಂಟ್ಲಿ ಕಾರೊಂದಕ್ಕೆ ಓಲ್ಡ್ ನಂಬರ್ ಒನ್ ಎಂದು ಹೆಸರು. ಮುಂದಿನ ಪಂದ್ಯಗಳಿಗಾಗಿ ಅದರ ಚಾಸಿಸ್, ಎಂಜಿನ್ನು, ಮೈ ಎಲ್ಲವೂ ಹಂತಹಂತವಾಗಿ ಬದಲಾದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅಪಘಾತವಾಗಿ ಚಾಲಕನು ಮೃತನಾದಮೇಲೆ ಮತ್ತೊಮ್ಮೆ ಹೊಸ ಮೈ ಬಂತು. 1990ರಲ್ಲಿ ಒಂದು ಕೋಟಿ ಪೌಂಡಿಗೆ ಮಾರಾಟದ ಮಾತಾದಾಗ, ಗೆದ್ದ ಕಾರಿನ ಭಾಗಗಳೇ ಇದರಲ್ಲಿ ಉಳಿದಿಲ್ಲ, ಆದ್ದರಿಂದ ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ವಾದಿಸಿದರು. ನ್ಯಾಯಮೂರ್ತಿ ಆಟನ್ ಅವರು ಆ ವಾದವನ್ನು ಒಪ್ಪಲಿಲ್ಲ. ಭಾಗಗಳು ಬದಲಾಗಿರಬಹುದು, ಆದರೆ ಕಾರು ಒಂದೇ ಕಾರಾಗಿ ಎಲ್ಲಿಯೂ ಕಡಿಯದೆ ಬಾಳಿಬಂದಿದೆ, ಇದರ ಜೊತೆಗೆ ಆ ಹೆಸರಿಗೆ ಬಾಧ್ಯವಾದ ಬೇರೊಂದು ಕಾರು ಇಲ್ಲ ಎಂಬುದು ಅವರ ತೀರ್ಪಿನ ಸಾರ.

ಈ ತೀರ್ಪು ಚಕ್ಕಡಿ ಇಟ್ಟುಕೊಂಡ ರೈತನಿಗೆ ಹೊಸದೆನಿಸಲಾರದು. ಅಜ್ಜನ ಕಾಲದ ಚಕ್ಕಡಿಗೆ ಅಪ್ಪ ಅಚ್ಚು ಬದಲಿಸಿದ್ದಾನೆ, ಮಗ ಗಾಲಿಗೆ ಹೊಸ ಹಳಿ ಹಾಕಿಸಿದ್ದಾನೆ, ಆದರೂ ಅದು ಅಜ್ಜನ ಚಕ್ಕಡಿಯೇ. ಒಂದೊಂದು ಭಾಗವೂ ಸವೆದಾಗ, ಅಗತ್ಯಬಿದ್ದಾಗ, ಬಳಕೆಯ ನಡುವೆ ಬದಲಾದುದು ಅದಕ್ಕೆ ಕಾರಣ. ಹೊಸ ಮೈಗೆ ಹಳೆಯ ಸಂಖ್ಯೆಯ ಫಲಕವನ್ನು ಒಂದೇ ವಾರದಲ್ಲಿ ಬಡಿಯುವ ಕೆಲಸಕ್ಕೆ ಈ ಸಮರ್ಥನೆ ಒದಗದು. ಹೊಸ ಮೈ ಹಾಕಬಾರದೆಂದಲ್ಲ. ಉಳಿಸಬಹುದಾದ ತಗಡು ಉಳಿದಿರುವಾಗ, ಸೋಮಾರಿತನಕ್ಕಾಗಿ ಹಾಕಬಾರದು, ಹಾಕಿದಮೇಲೆ ಮುಚ್ಚಿಡಬಾರದು.

ಮೇಲಿನ ತಪ್ಪಿಗೆ ತದ್ವಿರುದ್ಧವಾಗಿ ಕಂಡರೂ ಅದರ ಒಡಹುಟ್ಟಿದ ತಪ್ಪು ಇನ್ನೊಂದಿದೆ. ಅದು ಅತಿಯಾದ ಅಚ್ಚುಕಟ್ಟು. ಪ್ರದರ್ಶನಗಳಲ್ಲಿ ಬಹುಮಾನ ಪಡೆಯಬೇಕೆಂಬ ಹಂಬಲದಿಂದ ಕಾರ್ಖಾನೆಯಲ್ಲಿ ಎಂದೂ ಇಲ್ಲದಿದ್ದ ಹೊಳಪನ್ನು ಕಾರಿಗೆ ತರುತ್ತಾರೆ. ಮೂವತ್ತು ವರ್ಷ ಕುಳಿತು ಮೆತ್ತಗಾದ ಚರ್ಮದ ಆಸನವನ್ನು, ಚೂರು ಬಿರಿದಿದೆಯೆಂಬ ಮಾತ್ರಕ್ಕೆ, ಕಿತ್ತೆಸೆಯುತ್ತಾರೆ. 1974ರಿಂದಾಚೆಗೆ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಎಂ.ಜಿ.ಬಿ.ಗೆ ಕಪ್ಪನೆಯ ದಪ್ಪ ರಬ್ಬರಿನ ಬಂಪರು ಬಂತು, ಕಾರಿನ ಎತ್ತರವೂ ಹೆಚ್ಚಿತು. ಅದು ಸುಂದರವಲ್ಲ ನಿಜ. ಆ ಕಾರಣಕ್ಕಾಗಿ ಬಹಳ ಮಂದಿ ಅದನ್ನು ಕಿತ್ತು ಹಳೆಯ ಮಾದರಿಯ ಕ್ರೋಮಿಯಂ ಬಂಪರನ್ನು ಜೋಡಿಸಿ, 1976ರ ಕಾರನ್ನು 1966ರ ಕಾರಿನ ವೇಷದಲ್ಲಿ ನಿಲ್ಲಿಸುತ್ತಾರೆ. ಹೆಚ್ಚು ಕಾರುಗಳನ್ನು ಕೊಳ್ಳುತ್ತಿದ್ದ ದೇಶದ ಕಾನೂನಿಗೆ ಸಣ್ಣ ಊರಿನ ಕಾರ್ಖಾನೆಯೊಂದು ತಲೆಬಾಗಬೇಕಾಗಿ ಬಂದ ಕಥೆಯನ್ನು ಆ ರಬ್ಬರಿನ ಬಂಪರು ಹೇಳುತ್ತಿತ್ತು. ಕನ್ನಡ ನಾಡಿನ ಹಳ್ಳಿಗಳಲ್ಲಿ ಗುಡಿಯ ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಕಲ್ಲಿಗೂ ಸುಣ್ಣವನ್ನೋ ಎಣ್ಣೆಬಣ್ಣವನ್ನೋ ಬಳಿದುಬಿಡುವುದನ್ನು ಕಂಡವರಿಗೆ ಈ ಭಕ್ತಿಯ ಬಗೆ ಅಪರಿಚಿತವೇನಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದೆಂಬ ಮಾರ್ಗದರ್ಶಿ ಸೂತ್ರಗಳನ್ನು ಅಂಗೀಕರಿಸಿತು. ಪುರಾತನ ಕಟ್ಟಡಗಳಿಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಅದಕ್ಕೆ ಮಾದರಿ. ಪುನರ್ನಿರ್ಮಾಣಕ್ಕಿಂತ ಸಂರಕ್ಷಣೆಗೆ ಮನ್ನಣೆ ಕೊಡಬೇಕು, ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕು ಎಂಬುದು ಅದರ ತಿರುಳು. ಈ ದಿಕ್ಕಿನಲ್ಲಿ ಅತ್ಯಂತ ದೂರ ಹೋದ ನಿದರ್ಶನ 1925ರ ಬುಗಾಟಿ ಕಾರೊಂದರದು. ಸ್ವಿಟ್ಜರ್ಲೆಂಡಿನ ಆಸ್ಕೋನಾ ಎಂಬಲ್ಲಿ ಮಜೋರೆ ಸರೋವರದ ತಳದಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷ ಮುಳುಗಿದ್ದ ಅದನ್ನು 2009ರ ಜುಲೈಯಲ್ಲಿ ಮೇಲೆತ್ತಿದರು. 2010ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋಗೂ ಮಿಕ್ಕಿದ ಬೆಲೆಗೆ ಅದನ್ನು ಕೊಂಡವರು ಒಂದು ಕಡೆಯೂ ಮುಟ್ಟದೆ, ತುಕ್ಕು ತಿಂದ ಸ್ಥಿತಿಯಲ್ಲಿಯೇ ಕ್ಯಾಲಿಫೋರ್ನಿಯದ ಮಲ್ಲಿನ್ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. 2024ರಲ್ಲಿ ಆ ಸಂಗ್ರಹಾಲಯ ಮುಚ್ಚುವವರೆಗೂ ಜನ ಅದನ್ನು ಬೆರಗಿನಿಂದ ನೋಡಿದರು. ಅಲ್ಲಿಗೆ ಅದು ಸರಿ. ಮನೆಯ ಗ್ಯಾರೇಜಿಗೆ ಆ ಆದರ್ಶವನ್ನು ತರುವಂತಿಲ್ಲ. ಓಡಲೆಂದೇ ಹುಟ್ಟಿದ ಯಂತ್ರವನ್ನು ಅವಶೇಷವಾಗಿ ಪೂಜಿಸುವುದಕ್ಕೆ ಸಂಬಳದಾರನಿಗೆ ಸ್ಥಳವೂ ಇಲ್ಲ, ಕಾರಣವೂ ಇಲ್ಲ. ಅವನ ಕಾರು ಭಾನುವಾರ ಬೆಳಗ್ಗೆ ಹೆಂಡತಿ ಮಕ್ಕಳಲ್ಲೊಬ್ಬರನ್ನು ಕೂರಿಸಿಕೊಂಡು ಹತ್ತು ಮೈಲಿ ಹೋಗಿ ಕ್ಷೇಮವಾಗಿ ಬರುವಂತಿರಬೇಕು.

ಹಣದ ಲೆಕ್ಕವನ್ನು ಇಲ್ಲಿ ದೀರ್ಘವಾಗಿ ಎತ್ತಬೇಕಾಗಿಲ್ಲ. ಸಾಮಾನ್ಯವಾದ ಎಂ.ಜಿ.ಬಿ.ಯ ಜೀರ್ಣೋದ್ಧಾರಕ್ಕೆ ತಗಲುವ ಖರ್ಚು, ಶ್ರಮವನ್ನು ಬಿಟ್ಟು ಎಣಿಸಿದರೂ, ಬಹಳ ಸಲ ಅದರ ಮಾರಾಟದ ಬೆಲೆಯನ್ನು ಮೀರುತ್ತದೆ. ಲಾಭಕ್ಕಾಗಿ ಈ ಕೆಲಸಕ್ಕೆ ಇಳಿಯುವವನು ಪುಟ್ಟಿಯ ದಾರಿ ಹಿಡಿಯುವುದು ಖಂಡಿತ. ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಜೊತೆಗಾರರ ತಿಳಿವಳಿಕೆ. 1930ರಷ್ಟು ಹಿಂದೆಯೇ ಸ್ಥಾಪಿತವಾದ ಎಂ.ಜಿ. ಕಾರ್ ಕ್ಲಬ್, 1973ರಲ್ಲಿ ಹುಟ್ಟಿದ ಎಂ.ಜಿ. ಓನರ್ಸ್ ಕ್ಲಬ್ ಮೊದಲಾದವು ಆ ತಿಳಿವಳಿಕೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದಿವೆ. ಕಾರ್ಖಾನೆಯ ಕೈಪಿಡಿಯಲ್ಲಿ ಬರೆಯದ ಎಷ್ಟೋ ಮಾತು ಈ ಜನರ ನಾಲಗೆಯ ಮೇಲಿದೆ.

ಈ ವಿಷಯವು ದೂರದ ದೇಶದ್ದೆಂದು ಕನ್ನಡ ವಾಚಕರು ಬದಿಗಿಡುವಂತಿಲ್ಲ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ಕಂಡವರು ಅನೇಕರಿದ್ದಾರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ನಿಯಮಗಳ ಪ್ರಕಾರ 50 ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ವಿಂಟೇಜ್ ವಾಹನವೆಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಅವುಗಳ ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರಗಳಿರುತ್ತವೆ. ಅಂಥ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಇದಕ್ಕಿಂತ ಗಮನಾರ್ಹವಾದುದು ಇನ್ನೊಂದು ನಿಬಂಧನೆ: ವಾಹನವು ಮೂಲರೂಪದಲ್ಲಿ ಉಳಿದಿರಬೇಕು, ಚಾಸಿಸ್, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ಅಜ್ಜನ ಕಾಲದ ಕಾರು ಹಿತ್ತಲಿನಲ್ಲಿ ನಿಂತಿರುವ ಮನೆಗಳು ಕರ್ನಾಟಕದಲ್ಲಿಯೂ ಉಂಟು. ಊರಿನ ಟಿಂಕರಿಂಗ್ ಕೆಲಸಗಾರರ ಕೈ ಯಾವ ದೇಶದವರ ಕೈಗೂ ಕಡಿಮೆಯಲ್ಲ. ಬಗ್ಗಿದ ತಗಡನ್ನು ಬಡಿದು ಬಡಿದು ಮೂಲದ ಆಕಾರಕ್ಕೆ ತರುವುದರಲ್ಲಿ ಅವರು ನಿಪುಣರು. ಆದರೆ ಹಳೆಯ ಪೆಟ್ರೋಲ್ ಎಂಜಿನ್ನನ್ನು ತೆಗೆದು, ಖರ್ಚು ಉಳಿಯುತ್ತದೆಂದು ಬೇರೊಂದು ಡೀಸೆಲ್ ಎಂಜಿನ್ನನ್ನು ಕೂರಿಸುವ ರೂಢಿ ಒಂದು ಕಾಲದಲ್ಲಿ ಇಲ್ಲಿ ವ್ಯಾಪಕವಾಗಿತ್ತು. ಆಗ ಅದು ಬದುಕಿನ ಅನಿವಾರ್ಯವಾಗಿದ್ದಿತು, ದೂಷಿಸುವಂತಿಲ್ಲ. ಇಂದು ಅದೇ ಕೆಲಸ ಮಾಡಿಸುವವನು ಕಾರಿನ ಇತಿಹಾಸವನ್ನೂ ಕಾನೂನಿನ ಮನ್ನಣೆಯನ್ನೂ ಒಟ್ಟಿಗೆ ಕಳೆದುಕೊಳ್ಳಬೇಕಾಗುತ್ತದೆ. ಬಿಚ್ಚಿದ ಮೂಲ ಎಂಜಿನ್ನು ಇನ್ನೂ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನು ಗುಜರಿಯವನಿಗೆ ತೂಗಿಕೊಡುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಕೊನೆಯದಾಗಿ, ಕೆಲಸ ಕೈಗೊಳ್ಳುವವನಿಗೆ ಪಾನೆಗಿಂತ ಮೊದಲು ಬೇಕಾದುದು ಒಂದು ನೋಟುಬುಕ್ಕು. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಚಿತ್ರ ತೆಗೆಯಬೇಕು. ಬಿಚ್ಚಿದ ನಟ್ಟುಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಬೇಕು. ನೆನಪಿರುತ್ತದೆಂಬ ಭರವಸೆ ಆರು ತಿಂಗಳಿಗೆ ಉಳಿಯದು. ಯಾವ ತಗಡನ್ನು ಯಾವ ದಿನ ಕತ್ತರಿಸಿದುದು, ಎಷ್ಟು ಅಂಗುಲ, ಏತಕ್ಕೆ, ಬದಲಿಗೆ ಹಾಕಿದ ತಗಡು ಎಷ್ಟು ದಪ್ಪದ್ದು, ಯಾರಿಂದ ಬಂದುದು, ಮೊದಲಿನ ಬಣ್ಣ ಯಾವುದಿತ್ತು ಎಂಬುದನ್ನೆಲ್ಲ ಬರೆದಿಡಬೇಕು. ಬಾಗಿಲ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಹಳೆಯ ಬಣ್ಣದ ಅಂಗೈಯಗಲದ ಜಾಗವನ್ನು ಉಜ್ಜದೆ ಬಿಡುವುದು ಬಲ್ಲವರ ಪದ್ಧತಿ. ಕತ್ತರಿಸಿದ ಹೊಸ್ತಿಲಿನ ಒಂದು ತುಂಡನ್ನು ಚೀಲದಲ್ಲಿ ಕಟ್ಟಿ ಆ ನೋಟುಬುಕ್ಕಿನ ಜೊತೆಗೆ ಕಾರಿನಲ್ಲಿಯೇ ಇಟ್ಟರೆ, ಮೂವತ್ತು ವರ್ಷಗಳ ಮೇಲೆ ಮತ್ತೆ ಚಾದರ ತೆಗೆಯುವವನು ಯಾರೇ ಆಗಲಿ, ಅವನು ಎಲ್ಲಿಂದ ಪ್ರಾರಂಭಿಸಬೇಕೆಂದು ತಡಕಾಡಬೇಕಾಗುವುದಿಲ್ಲ.